ವಿಮೋಚನಕಾಂಡದಲ್ಲೇ ನಿಂತುಹೋಗೋ ಬೈಬಲ್ ಓದು: ದಿನಾ ಓದೋರು ಹೇಗೆ ಓದ್ತೀರಿ?

ಹಾರೋಬೆಲೆಯವನು

ಎಲ್ಲರಿಗೂ ನಮಸ್ಕಾರ. ಪೀಠಿಕೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಿನ್ನೆ ಪೆಂತೆಕೋಸ್ತ್, ಪವಿತ್ರಾತ್ಮ ಪ್ರೇಷಿತರ ಮೇಲೆ ಇಳಿದು ಬಂದ ಹಬ್ಬ. ಚರ್ಚಲ್ಲಿ ಎಂಟು ಗಂಟೆ ಪೂಜೆಗೆ ಬೈಬಲಿನ ಮೊದಲನೇ ವಾಚನ ಓದಬೇಕಾದವರು ಬಂದಿರಲಿಲ್ಲ. ಮುಂದಿನ ಬೆಂಚಲ್ಲಿ ಕೂತ ತಪ್ಪಿಗೆ ಸಿಸ್ಟರ್ ಹಾಳೆಯನ್ನ ನನ್ನ ಕೈಗಿಟ್ಟರು. ಕನ್ನಡ ಓದೋಕೆ ಬರುತ್ತಲ್ಲ, ಅದೇನು ಮಹಾ ಅಂತ ಎದ್ದು ಹೋದೆ. ಪ್ರೇಷಿತರ ಕಾರ್ಯಕಲಾಪಗಳು, ಎರಡನೇ ಅಧ್ಯಾಯ. ಪಾರ್ಥ್ಯರು, ಮೇದ್ಯರು ತನಕ ಗಾಡಿ ಸಲೀಸಾಗಿ ಓಡ್ತು. ಮೆಸಪೊಟೇಮಿಯದಲ್ಲಿ ಒಂದು ಹಳ್ಳ. ಕಪ್ಪದೋಕ್ಯದಲ್ಲಿ ಚಕ್ರ ಹೂತುಹೋಯ್ತು. ಫ್ರಿಜಿಯ, ಪಂಫೀಲಿಯ ಬರೋ ಹೊತ್ತಿಗೆ ಹಾಡೋ ಹುಡುಗಿಯರೆಲ್ಲ ದುಪಟ್ಟಾ ಬಾಯಿಗೆ ಒತ್ಕೊಂಡಿದ್ದರು. ಮನೆಗೆ ಬಂದಮೇಲೆ ಏಳನೇ ಕ್ಲಾಸಿನ ಮಗಳು ಕೇಳಿದಳು, "ಅಪ್ಪಾ, ಇದನ್ನ ನೀನು ಯಾವತ್ತೂ ಓದೇ ಇರಲಿಲ್ವಾ?"

ಇರಲಿಲ್ಲ. ವಯಸ್ಸು 41.

ನಮ್ಮೂರು ಕನಕಪುರದ ಹತ್ತಿರ ಹಾರೋಬೆಲೆ. ಕಪಾಲಬೆಟ್ಟ ಹತ್ತಿ, ಯೇಸುವಿನ ಪಾಡಿನ ಮಹಿಮೆ ನಾಟಕ ನೋಡಿ ಬೆಳೆದವನು. ಯೂದನ ಮಾತು, ಪಿಲಾತನ ಮಾತು ಈಗಲೂ ಬಾಯಲ್ಲಿ ಬರುತ್ತೆ. ಆದರೆ ಅದೇ ಕಥೆಯನ್ನ ಪುಸ್ತಕ ತೆಗೆದು ಓದಿದ್ದಿಲ್ಲ. ಈಗ ಇರೋದು ದಾಸರಹಳ್ಳಿ, ಪೀಣ್ಯದಲ್ಲಿ ಲೇತ್ ಕೆಲಸ, ಮೂರು ಪಾಳಿ. ಮದುವೆಯಲ್ಲಿ ಕೊಟ್ಟ ಬೈಬಲ್ ಮನೆ ಪೀಠದ ಮೇಲೆ ಇದೆ, ಮುಂದೆ ಪ್ಲಾಸ್ಟಿಕ್ ಗುಲಾಬಿ. ಒಳಗೆ ಏನಿದೆ ಅಂದ್ರೆ ಕರೆಂಟ್ ಬಿಲ್ಲು, ಮಗಳ ಜ್ಞಾನಸ್ನಾನದ ಸರ್ಟಿಫಿಕೇಟು, ಯಾವುದೋ ವರ್ಷದ ಗರಿಗಳ ಭಾನುವಾರದ ಒಣಗಿದ ಗರಿ.

ಪ್ರಯತ್ನ ಮಾಡಿಲ್ಲ ಅಂತಲ್ಲ. ಮೂರು ಸಲ ಶುರು ಮಾಡಿದ್ದೀನಿ, ಮೂರೂ ಸಲ ಜನವರಿ 1ರಂದು. ಮೊದಲನೇ ಪುಸ್ತಕ ಆದಿಕಾಂಡ ಸಿನಿಮಾ ನೋಡಿದ ಹಾಗೆ ಹೋಗುತ್ತೆ. ಕೆಂಪು ಸಮುದ್ರನೂ ದಾಟಿಬಿಡ್ತೀನಿ. ಆಮೇಲೆ ಎರಡನೇ ಪುಸ್ತಕ ವಿಮೋಚನಕಾಂಡ, 26ನೇ ಅಧ್ಯಾಯ: ದೇವರ ಆರಾಧನೆಗೆ ಕಟ್ಟೋ ಗುಡಾರದ ಪರದೆ 28 ಮೊಳ ಉದ್ದ, 4 ಮೊಳ ಅಗಲ, ಅದಕ್ಕೆ ಕುಣಿಕೆ, ಅದಕ್ಕೆ ಕೊಂಡಿ... ಅಲ್ಲಿಗೆ ನಿದ್ದೆ. ಇಸ್ರಯೇಲರು ಮರುಭೂಮಿಯಲ್ಲಿ 40 ವರ್ಷ ಅಲೆದರೂ ಮುಂದಕ್ಕಾದರೂ ಹೋದರು. ನಾನು ಆ ಗುಡಾರದ ಬಾಗಿಲಿಂದ ಮೂರು ಸಲ ವಾಪಸ್ ಬಂದಿದ್ದೀನಿ.

ದಿನಾ ಓದೋರು ಎಲ್ಲಿಂದ ಶುರು ಮಾಡ್ತೀರಿ? ಎಷ್ಟು ಓದ್ತೀರಿ? ಒಂದು ವಾರ ಬೆಳಿಗ್ಗೆ, ಒಂದು ವಾರ ರಾತ್ರಿ ಪಾಳಿ ಇರೋನು ಏನು ಮಾಡಬೇಕು?

ಶಿವಮೊಗ್ಗ ಟೀಚರ್

ಮೊದಲು ನಿಮ್ಮ ಮರ್ಯಾದೆ ಕಾಪಾಡ್ತೀನಿ. ಆ ವಾಚನ ಪ್ರತಿ ವರ್ಷ ಪೆಂತೆಕೋಸ್ತಿಗೆ ಬರುತ್ತೆ, ಪ್ರತಿ ವರ್ಷ ಯಾರಾದರೊಬ್ಬರು ಕಪ್ಪದೋಕ್ಯದಲ್ಲಿ ಬೀಳ್ತಾರೆ. ಒಂದು ವರ್ಷ ನಾನೂ ಬಿದ್ದಿದ್ದೆ.

ಇಪ್ಪತ್ತೆರಡು ವರ್ಷ ಜ್ಞಾನೋಪದೇಶದ ಕ್ಲಾಸ್ ತಗೊಂಡಿದ್ದೀನಿ. ಜನವರಿ 1ಕ್ಕೆ ಆದಿಕಾಂಡದಿಂದ ಶುರು ಮಾಡಿದವರಲ್ಲಿ ತಪಸ್ಸುಕಾಲ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು) ಮುಟ್ಟಿದವರು ಕಮ್ಮಿ. ಬೈಬಲ್ ಒಂದು ಪುಸ್ತಕ ಅಲ್ಲರೀ, 73 ಪುಸ್ತಕಗಳ ಕಪಾಟು. ಲೈಬ್ರರಿಗೆ ಹೋದವರು ಎಡಗಡೆ ಮೊದಲನೇ ಕಪಾಟಿಂದ ಓದ್ಕೊಂಡು ಬರ್ತಾರಾ?

ನೀವು ಹೊಸದಾಗಿ ಯೋಜನೆ ಹಾಕೋದೇ ಬೇಡ, ಧರ್ಮಸಭೆ ಹಾಕಿಟ್ಟಿದೆ. ವಾರದ ದಿನಗಳ ಪೂಜೆಯ ಶುಭಸಂದೇಶ, ಅಂದ್ರೆ ಯೇಸುವಿನ ಜೀವನ ಹೇಳೋ ನಾಲ್ಕು ಪುಸ್ತಕದ ವಾಚನ, ಒಂದು ವರ್ಷದ ಸುತ್ತು. ಹಬ್ಬದ ಕಾಲಗಳನ್ನ ಬಿಟ್ಟು ಉಳಿದದ್ದು ಸಾಧಾರಣ ಕಾಲ; ಅದರ 1ರಿಂದ 9ನೇ ವಾರ ಮಾರ್ಕ, 10ರಿಂದ 21 ಮತ್ತಾಯ, 22ರಿಂದ 34 ಲೂಕ. ಭಾನುವಾರಗಳದು ಬೇರೆ, ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೊವಾನ್ನರು ಹೆಚ್ಚಾಗಿ ತಪಸ್ಸುಕಾಲ, ಪಾಸ್ಖಕಾಲಕ್ಕೆ (ಈಸ್ಟರ್ ದಿನಗಳಿಗೆ) ಬರ್ತಾರೆ. ವಾರದ ದಿನದ ಮೊದಲನೇ ವಾಚನ ಎರಡು ವರ್ಷದ ಸುತ್ತು, ಆದರೆ ಅದರ ತಂಟೆ ನಿಮಗೆ ಈಗಲೇ ಬೇಡ. ದಿನಕ್ಕೊಂದು ಶುಭಸಂದೇಶ, ಹತ್ತು ಹದಿನೈದು ವಾಕ್ಯ. ಜೋರಾಗಿ ಓದಿದರೂ ಮೂರು ನಿಮಿಷ ಆಗಲ್ಲ.

ನಿಮ್ಮ ಅದೃಷ್ಟ, ಇದು 10ನೇ ವಾರ. ಮತ್ತಾಯ 5ನೇ ಅಧ್ಯಾಯ ತೆಗೀರಿ. ನಾಳೆ ಮಂಗಳವಾರದ್ದು ಉಪ್ಪಿನ ಮಾತು, ದೀಪದ ಮಾತು; ನಾಲ್ಕೇ ವಾಕ್ಯ. ಅಲ್ಲಿ ಯಾವ ಊರಿನ ಹೆಸರೂ ಇಲ್ಲ, ಧೈರ್ಯವಾಗಿ ಓದಿ.

ಓದಿ ಮುಚ್ಚಿಡಬೇಡಿ. 12ನೇ ಶತಮಾನದಲ್ಲಿ ಗೀಗೋ ಅನ್ನೋ ಕಾರ್ಥೂಸಿಯನ್ ಮಠದ ಸನ್ಯಾಸಿ ನಾಲ್ಕು ಮೆಟ್ಟಿಲು ಹೇಳಿದ್ದ: ಓದು, ಧ್ಯಾನ, ಪ್ರಾರ್ಥನೆ, ಮೌನ ದರ್ಶನ. ಓದು ಅಂದ್ರೆ ತುತ್ತು ಬಾಯಿಗೆ ಇಡೋದು, ಧ್ಯಾನ ಅಂದ್ರೆ ಅಗಿಯೋದು ಅಂತ ಅವನ ಲೆಕ್ಕ. ನಮ್ಮಲ್ಲಿ ಇದಕ್ಕೆ ಅಚ್ಚುಕಟ್ಟಾದ ಪದ ಇದೆಯಲ್ಲ, ಮೆಲುಕು. ಒಂದೇ ಒಂದು ವಾಕ್ಯ ಇಟ್ಕೊಳ್ಳಿ. ಲೇತ್ ತಿರುಗ್ತಾ ಇರುವಾಗ ಮೆಲುಕು ಹಾಕೋಕೆ ಯಾರ ಅಪ್ಪಣೆ ಬೇಕು?

ಇನ್ನೊಂದು ಮಾತು. ತಪ್ಪಿಹೋದ ದಿನದ್ದನ್ನ ಹಿಂದೆ ಹೋಗಿ ಓದಬೇಡಿ. ಬಾಕಿ ತೀರಿಸೋಕೆ ಇದು ಚೀಟಿ ವ್ಯವಹಾರ ಅಲ್ಲ. ಅವತ್ತಿನದು ಅವತ್ತಿಗೆ.

ಮೈಸೂರು ಪರದೆ

ಅಣ್ಣಾ, ನಿಮ್ಮನ್ನ ನಿದ್ದೆ ಮಾಡಿಸಿದ ಅಧ್ಯಾಯದಲ್ಲೇ ನನಗೆ ಎಚ್ಚರ ಆಗಿದ್ದು! ನಂದು ಪರದೆ ಹೊಲಿಯೋ ಅಂಗಡಿ. ಹೂವಾಡಗಿತ್ತಿ ಮೊಳ ಹಾಕೋ ಹಾಗೆ ಮೊಣಕೈಯಿಂದ ಬೆರಳ ತುದಿಗೆ ಲೆಕ್ಕ ಹಿಡೀರಿ, ಒಂದೂವರೆ ಅಡಿ. 28 ಮೊಳ ಅಂದ್ರೆ 42 ಅಡಿ, ಅಗಲ ಆರಡಿ. ಅಂಥವು ಹತ್ತು. ಐದೈದು ಜೋಡಿಸಿ ಎರಡು ದೊಡ್ಡ ಪರದೆ, ಅಂಚಿಗೆ 50 ಕುಣಿಕೆ, ಎರಡನ್ನೂ ಸೇರಿಸೋಕೆ 50 ಬಂಗಾರದ ಕೊಂಡಿ. ಅದರ ಮೇಲೆ ಆಡಿನ ಕೂದಲಿನ ಹನ್ನೊಂದು ಪರದೆ, ಅವು 30 ಮೊಳ, ಅಂದ್ರೆ ಎರಡು ಮೊಳ ಜಾಸ್ತಿ. ಒಳಗಿನ ಬೆಲೆಬಾಳೋ ಬಟ್ಟೆ ಹೊರಗೆ ಕಾಣಬಾರದು, ಮಳೆ ಧೂಳು ತಾಗಬಾರದು. ಹೇಳಿದವರಿಗೆ ಕಸುಬು ಗೊತ್ತಿತ್ತು. ಹೊಲಿಗೆಗೆ ಎಷ್ಟು ಬಟ್ಟೆ ಬಿಡಬೇಕು ಅಂತ ಮಾತ್ರ ಬರೆದಿಲ್ಲ, ಅದೊಂದು ಬೇಜಾರು.

ಇದನ್ನ ಓದಿದ ಮೇಲೆ ಮತ್ತಾಯ 27ರಲ್ಲಿ ದೇವಾಲಯದ ಪರದೆ ಮೇಲಿಂದ ಕೆಳಗಿನ ತನಕ ಹರೀತು ಅನ್ನೋ ಮಾತು ಸಿಕ್ಕಿದಾಗ ಕತ್ತರಿ ಕೆಳಗಿಟ್ಟೆ. ಪರದೆ ಹರಿಯೋದು ಕೆಳಗಿಂದ ಅಣ್ಣಾ. ಮಕ್ಕಳು ಎಳೀತಾರೆ, ಕಾಲಿಗೆ ಸಿಕ್ಕುತ್ತೆ, ಬೆಕ್ಕು ಪರಚುತ್ತೆ. ಮನುಷ್ಯ ಹರಿದರೂ ಕೈಗೆ ಸಿಗೋ ಕಡೆಯಿಂದ ಹರೀತಾನೆ. ಮೂವತ್ತು ವರ್ಷದಲ್ಲಿ ಮೇಲಿಂದ ಹರಿದ ಪರದೆ ನನ್ನ ಅಂಗಡಿಗೆ ಬಂದಿಲ್ಲ.

ಟೀಚರ್ ಹೇಳಿದ ದಾರೀಲೇ ಹೋಗಿ. ಆದರೆ ಗುಡಾರನ ಪೂರ್ತಿ ಕೈಬಿಡಬೇಡಿ. ಲೇತ್ ಕೆಲಸದವರು ನೀವು, ಅಳತೆ ನೋಡಿ ನಿದ್ದೆ ಬಂತು ಅಂದ್ರೆ ನಾನು ನಂಬಲ್ಲ.

ಸಂತೆಪೇಟೆ

ಇಷ್ಟೆಲ್ಲ ಬೇಕಾ? ಭಾನುವಾರ ಪೂಜೆಯಲ್ಲಿ ಕೇಳ್ತೀವಿ, ಫಾದರ್ ವಿವರಿಸ್ತಾರೆ, ಸಂಜೆ ಮನೇಲಿ ಜಪಸರ. ನಮ್ಮಜ್ಜಿಗೆ ಅಕ್ಷರ ಬರ್ತಿರಲಿಲ್ಲ, ಆಕೆಗಿದ್ದ ಭಕ್ತಿ ನಮಗ್ಯಾರಿಗೂ ಇಲ್ಲ. ಇನ್ನೊಂದು ನೇರವಾಗಿ ಹೇಳ್ತೀನಿ. ನಮ್ಮ ಬೀದೀಲಿ ಬೈಬಲ್ ಬೈಬಲ್ ಅಂತ ಶುರು ಮಾಡಿದ ಎರಡು ಮನೆಯವರು ಈಗ ಬೇರೆ ಸಭೆಗೆ ಹೋಗ್ತಿದ್ದಾರೆ.

ಶಿವಮೊಗ್ಗ ಟೀಚರ್

@ಸಂತೆಪೇಟೆ, ನಿಮ್ಮ ಭಯ ನನಗೆ ಗೊತ್ತು. ನಮ್ಮ ಕಾಲದಲ್ಲಿ ಹಿರಿಯರೂ ಹೀಗೇ ಅಂತಿದ್ದರು. ಆದರೆ ಹೋದವರು ಓದಿದ್ದಕ್ಕೆ ಹೋದರೋ, ಇಲ್ಲಿ ಅವರ ಜೊತೆ ಕೂತು ಓದೋರು ಯಾರೂ ಇಲ್ಲ ಅಂತ ಹೋದರೋ? ನನ್ನ ಅನುಭವದಲ್ಲಿ ಎರಡನೆಯದು.

ಕಥೋಲಿಕರು ಬೈಬಲ್ ಓದಬೇಕು ಅನ್ನೋದು ಹೊಸ ಗಾಳಿಯೂ ಅಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ದೈವವಾಕ್ಯದ ಬಗ್ಗೆ ಹೊರಡಿಸಿದ ದಸ್ತಾವೇಜಿನಲ್ಲಿ ಎಲ್ಲ ವಿಶ್ವಾಸಿಗಳೂ ಓದಬೇಕು ಅಂತ ಒತ್ತಿ ಹೇಳಿದೆ. ಪವಿತ್ರ ಗ್ರಂಥ ಅರಿಯದವನು ಕ್ರಿಸ್ತರನ್ನೂ ಅರಿಯ ಅನ್ನೋ ಸಂತ ಜೆರೋಮರ ಮಾತನ್ನ ಅಲ್ಲೇ ಎತ್ತಿ ಹೇಳಿದ್ದಾರೆ. ಪೋಪ್ ಫ್ರಾನ್ಸಿಸ್ 2019ರಲ್ಲಿ ಜೆರೋಮರ ಹಬ್ಬದ ದಿನವೇ, ಸಾಧಾರಣ ಕಾಲದ ಮೂರನೇ ಭಾನುವಾರವನ್ನ ದೇವರ ವಾಕ್ಯದ ಭಾನುವಾರ ಅಂತ ಗೊತ್ತುಮಾಡಿದರು.

ಜಪಸರ ಬಿಡಿ ಅಂತ ಯಾರು ಹೇಳಿದರು? ನಿಮ್ಮಜ್ಜಿ ಜಪಸರದಲ್ಲಿ ಹೇಳ್ತಿದ್ದ ಸಂತೋಷದ ಐದೂ ರಹಸ್ಯ, ಅಂದ್ರೆ ಯೇಸುವಿನ ಹುಟ್ಟು ಬಾಲ್ಯದ ಘಟನೆಗಳು, ಲೂಕರ ಮೊದಲ ಎರಡು ಅಧ್ಯಾಯದಲ್ಲಿವೆ. ಅಜ್ಜಿಗೆ ಓದೋಕೆ ಬರ್ತಿರಲಿಲ್ಲ, ಆದರೆ ಬೈಬಲ್ ಬೆರಳಲ್ಲಿ ಎಣಿಸ್ತಿದ್ದರು. ನಮಗೆ ಓದೋಕೆ ಬರುತ್ತೆ, ಅಷ್ಟೇ ವ್ಯತ್ಯಾಸ.

ಹುಬ್ಬಳ್ಳಿಯಾಕಿ

ನಾ ಹುಟ್ಟಿದ್ದು ಧಾರವಾಡದಾಗ, ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಮಂದಿ ನಾವು. ಲಗ್ನ ಆಗಿ ಕಥೋಲಿಕ ಮನಿಗೆ ಬಂದೆ. ನಮ್ಮಪ್ಪ ಮುಂಜಾನೆ ಚಹಾಕ್ಕಿಂತ ಮೊದಲ ಸತ್ಯವೇದ ಓದತಿದ್ರು, ನಾವೆಲ್ಲಾ ಚಾಪಿ ಮ್ಯಾಲೆ ಕೂತು ಆಕಳಿಸಿಕೋತ ಕೇಳತಿದ್ವಿ. ಅಭ್ಯಾಸ ಅಂದ್ರ ಅದರಿ. ಮನಸ್ಸಿತ್ತಂತ ಅಲ್ಲ, ಚಹಾ ಬೇಕಿತ್ತಂತ ಕೂಡತಿದ್ವಿ.

ಹಿಂಗಾಗಿ ನನ್ನ ಸಲಹಾ ಒಂದ. ಓದೂದನ್ನ ಬಿಡಲಾರದ ಯಾವುದರ ಕೆಲಸಕ್ಕ ಗಂಟ ಹಾಕ್ರಿ. ಗಡಿಯಾರಕ್ಕ ಕಟ್ಟಿದ್ರ ಪಾಳಿ ಬದಲಾದ ಕೂಡಲೇ ಬಿಚ್ಚಿ ಹೋಗತೈತಿ. ಚಹಾಕ್ಕ ಕಟ್ಟಿದ್ರ ಹೋಗಂಗಿಲ್ಲ, ರಾತ್ರಿ ಪಾಳ್ಯಾಗೂ ಚಹಾ ಇರತೈತಲ್ಲ.

ಮತ್ತೊಂದು ಎಚ್ಚರಿಕಿ. ಫೋನಿನಾಗ ಸಿಗೂ ಕನ್ನಡ ಬೈಬಲ್ ಭಾಳಷ್ಟು 66 ಪುಸ್ತಕದ್ದು. ತೋಬಿತ, ಯೂದಿತ, ಸುಜ್ಞಾನ ಗ್ರಂಥ, ಸಿರಾಖ, ಬಾರೂಕ, ಎರಡು ಮಕ್ಕಬಿಯ, ಈ ಏಳೂ ಅದರಾಗ ಇರಂಗಿಲ್ಲ. ಮೊದಮೊದಲ ನಾ ಪೂಜಿ ವಾಚನ ಹುಡುಕಿ ಹುಡುಕಿ ಫೋನ್ ಕೆಟ್ಟೈತಿ ಅಂತ ತಿಳದಿದ್ದೆ! ಹೆಸರೂ ಬ್ಯಾರೆ: ತವರಮನ್ಯಾಗ ಯೋಹಾನ, ಇಲ್ಲಿ ಯೊವಾನ್ನ. ಅಲ್ಲಿ ಸುವಾರ್ತೆ, ಇಲ್ಲಿ ಶುಭಸಂದೇಶ. ಈಗ ಎರಡೂ ನಮ್ಮವ ಅನಸ್ತಾವ. ನೀವು ಪೀಠದ ಮ್ಯಾಲಿನ ಪುಸ್ತಕಾನ ಇಳಿಸ್ರಿ. ಕರೆಂಟ್ ಬಿಲ್ ತಗದ ಹೊರಗ ಇಡ್ರಿ.

ಹಾರೋಬೆಲೆಯವನು

ಮೂರು ತಿಂಗಳ ಮೇಲೆ ಬರ್ತಿದ್ದೀನಿ, ಲೆಕ್ಕ ಒಪ್ಪಿಸೋಕೆ.

ಮಂಗಳವಾರ ಉಪ್ಪಿನಿಂದಲೇ ಶುರು ಮಾಡಿದೆ. ಜೂನ್ ಪೂರ್ತಿ ಪರವಾಗಿರಲಿಲ್ಲ. ಜುಲೈನಲ್ಲಿ ರಾತ್ರಿ ಪಾಳಿ ಬಿದ್ದು ಒಂಬತ್ತು ದಿನ ಪುಸ್ತಕ ಮುಟ್ಟಲಿಲ್ಲ. ಹಳೇ ಬುದ್ಧಿ, ಒಂಬತ್ತೂ ದಿನದ್ದು ಒಟ್ಟಿಗೆ ಓದಿ ತೀರಿಸೋಣ ಅಂತ ಕೂತೆ. ಆಮೇಲೆ ಟೀಚರ್ ಹೇಳಿದ ಚೀಟಿ ವ್ಯವಹಾರ ನೆನಪಾಗಿ ಎದ್ದೆ. ಈಗ ಬೆಳಗಿನ ಜಾವ ಮೂರಕ್ಕೆ ಕ್ಯಾಂಟೀನ್ ಚಹಾ ಬರುತ್ತಲ್ಲ, ಆವಾಗ ಫೋನಿನಲ್ಲಿ ಅವತ್ತಿನದು ಓದ್ತೀನಿ. ಪಕ್ಕದ ಮೆಷಿನ್ನಿನ ಹುಡುಗ ಅಯ್ಯಪ್ಪ ಭಕ್ತ. ನಾನು ಓದ್ತಾ ಇದ್ದರೆ ತಾನೇ ಲೋಟ ತುಂಬಿಸ್ಕೊಂಡು ಬರ್ತಾನೆ, ಏನೂ ಕೇಳಲ್ಲ. ಹಗಲು ಪಾಳಿ ಇದ್ದಾಗ ಸಂಜೆ ಜಪಸರಕ್ಕೆ ಮೊದಲು ಮಗಳು ಓದ್ತಾಳೆ. ನಾನೊಂದು ವಾಕ್ಯ ಹೇಳಬೇಕು, ಅವಳೊಂದು, ಹೆಂಡತಿಯೊಂದು. ಹೆಂಡತಿ ಯಾವಾಗಲೂ ಚಿಕ್ಕದನ್ನೇ ಆರಿಸ್ತಾಳೆ, ಒಲೆ ಮೇಲೆ ಸಾರು ಇರುತ್ತೆ.

ಕಳೆದ ಭಾನುವಾರ ಮತ್ತೆ ಓದೋಕೆ ಕರೆದರು. ಈ ಸಲ ನಾನೇ ಶನಿವಾರ ಕೇಳಿ ತಿಳ್ಕೊಂಡೆ: ಸಿರಾಖ, ಮೂರನೇ ಅಧ್ಯಾಯ. ಫೋನಿನಲ್ಲಿ ಹುಡುಕಿದೆ, ಇಲ್ಲ. ಹುಬ್ಬಳ್ಳಿ ಅಕ್ಕ ನೆನಪಾದರು. ಮದುವೆ ಬೈಬಲ್ ಇಳಿಸಿದೆ, ಇದೆ! ಏನೇ ಮಾಡಿದರೂ ವಿನಯದಿಂದ ಮಾಡು ಅನ್ನೋ ವಾಚನ. ಒಂದೂ ಊರಿನ ಹೆಸರಿಲ್ಲ. ಜೋರಾಗಿ ನಾಲ್ಕು ಸಲ ಓದಿಕೊಂಡೆ, ಭಾನುವಾರ ಎಲ್ಲೂ ನಿಲ್ಲಲಿಲ್ಲ.

ಮಾರನೇ ದಿನ ಸೋಮವಾರ, 22ನೇ ವಾರ, ಲೂಕ ಶುರು. ನಾಲ್ಕನೇ ಅಧ್ಯಾಯ. ಯೇಸುಸ್ವಾಮಿ ತಮ್ಮ ಸ್ವಂತ ಊರು ನಜರೇತಿನ ಪ್ರಾರ್ಥನಾಮಂದಿರದಲ್ಲಿ ವಾಚನ ಓದೋಕೆ ಎದ್ದು ನಿಲ್ತಾರೆ. ಯೆಶಾಯನ ಸುರುಳಿ ಕೊಡ್ತಾರೆ, ಬಿಚ್ಚಿ ಜಾಗ ಹುಡುಕ್ತಾರೆ, ಓದ್ತಾರೆ, ಸುತ್ತಿ ಅಲ್ಲಿನ ಸೇವಕನಿಗೆ ವಾಪಸ್ ಕೊಟ್ಟು ಕೂತ್ಕೊಳ್ತಾರೆ. ಎಲ್ಲರ ಕಣ್ಣೂ ಅವರ ಮೇಲೆ. ಸುರುಳಿ ಸುತ್ತಿ ಕೊಟ್ಟಿದ್ದನ್ನೂ ಲೂಕರು ಬಿಡದೆ ಬರೆದಿದ್ದಾರೆ ನೋಡಿ. ಓದಿ ಮುಗಿಸಿ ಬೆಂಚಿಗೆ ವಾಪಸ್ ಬರೋ ಆ ನಾಲ್ಕು ಹೆಜ್ಜೆ ಎಷ್ಟು ಉದ್ದ ಅಂತ ನನಗೀಗ ಗೊತ್ತು. ಕೊನೆಗೆ ಊರವರು ಅವರನ್ನ ಬೆಟ್ಟದ ಅಂಚಿಗೆ ಕರ್ಕೊಂಡು ಹೋಗಿ ತಳ್ಳೋಕೆ ನೋಡಿದರು. ಅದನ್ನ ಓದಿ ಮಗಳು ಅಂದಳು, "ನಿನ್ನ ನೋಡಿ ಬರೀ ನಕ್ಕರು ಅಲ್ವಾಪ್ಪಾ."

@ಮೈಸೂರು ಪರದೆ, 26ನೇ ಅಧ್ಯಾಯನ ವರ್ನಿಯರ್ ಹಿಡಿಯೋ ಕಣ್ಣಲ್ಲಿ ಇನ್ನೊಂದು ಸಲ ಓದಿದೆ. ಕೊಂಡಿ ಮಾಡಿದವನ ಮೇಲೆ ನನಗೆ ಗೌರವ ಬಂದಿದೆ. ಐವತ್ತೂ ಒಂದೇ ಅಳತೆ ಇಲ್ಲದಿದ್ದರೆ ಪರದೆ ಸೊಟ್ಟ ನಿಲ್ಲುತ್ತೆ.

ಕರೆಂಟ್ ಬಿಲ್ ಈಗ ಫ್ರಿಜ್ ಮೇಲಿದೆ. ಈ ತಿಂಗಳು ಕಟ್ಟೋದು ಮರೆತು ಬೈಸ್ಕೊಂಡೆ.