ಅಮ್ಮನ ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದ ಸಾಲು

ಹೊಸನಗರದ ಮಗಳು:
ಅಮ್ಮನಿಗೆ 68. ಬೀಡಿ ಮುಟ್ಟಿದವಳಲ್ಲ. ನಲವತ್ತು ವರ್ಷ ಸೌದೆ ಒಲೆ, ಬಚ್ಚಲ ಹಂಡೆಯ ಉರಿ, ಕೊಯ್ಲಿನಲ್ಲಿ ಅಡಿಕೆ ಬೇಯಿಸುವ ಹೊಗೆ. ಈಗ ಸಿಒಪಿಡಿ, ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ಹಳೇ ಶ್ವಾಸಕೋಶದ ಕಾಯಿಲೆ. ಎರಡು ವರ್ಷದಿಂದ ಮನೆಯಲ್ಲಿ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಕೊಡುವ ಕರೆಂಟ್ ಯಂತ್ರ) ಇದೆ, ನಿಮಿಷಕ್ಕೆ 2 ಲೀಟರ್, ದಿನಕ್ಕೆ 16 ಗಂಟೆ. ಮೊನ್ನೆಯ ಗಾಳಿಮಳೆಗೆ ರಾತ್ರಿಯಿಡೀ ಕರೆಂಟ್ ಇಲ್ಲ. ಶಿವಮೊಗ್ಗಕ್ಕೆ ಓಡಿದೆವು. ಎಮರ್ಜೆನ್ಸಿಯಲ್ಲಿ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇ. 82 ನೋಡಿ ಮಾಸ್ಕಿನಲ್ಲಿ 10 ಲೀಟರ್ ಬಿಟ್ಟರು. 98ಕ್ಕೆ ಏರಿತು. ನಮಗೆ ಜೀವ ಬಂದ ಹಾಗಾಯಿತು. ಬೆಳಗಿನ ಜಾವ ನೋಡಿದರೆ ಅಮ್ಮನಿಗೆ ಮಂಪರು, ಕರೆದರೂ ಓಗೊಡಲಿಲ್ಲ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದೆ ಎಂದು ಬೈಪ್ಯಾಪ್ (ಮಾಸ್ಕಿನ ಮೂಲಕ ಉಸಿರಾಟಕ್ಕೆ ನೆರವಾಗುವ ಯಂತ್ರ) ಹಾಕಿದರು. ಹಳೇ ಚೀಟಿಯಲ್ಲಿ 'ಸಿಒಪಿಡಿ, ಮನೆಯಲ್ಲಿ ಆಕ್ಸಿಜನ್' ಅಂತ ಮಾತ್ರ ಇತ್ತು. ಇನ್ನೇನು ಬರೆಸಬೇಕಿತ್ತು?

ಸಾಗರದವನು, ಆಸ್ಪತ್ರೆ ರೆಕಾರ್ಡ್ಸ್ ಕೆಲಸ:
ಸಿಒಪಿಡಿ ರೋಗ, ಆಕ್ಸಿಜನ್ ಚಿಕಿತ್ಸೆ. ನಡುವಿನ ಮಾತೇ ಬಿಟ್ಟುಹೋಗಿದೆ: 'ಕ್ರಾನಿಕ್ ರೆಸ್ಪಿರೇಟರಿ ಫೇಲ್ಯೂರ್', ಅಂದರೆ ಬಹುಕಾಲದ ಉಸಿರಾಟದ ವೈಫಲ್ಯ. ರೆಕಾರ್ಡಿನಲ್ಲಿ ಪ್ರತಿ ರೋಗಕ್ಕೂ ಹಾಕುವ ಐಸಿಡಿ ಕೋಡಿನಲ್ಲಿ ಅದರ ಕೋಡೇ ಬೇರೆ, ಜೆ96.1. ಸಿಒಪಿಡಿಯದು ಜೆ44. ಮನೆಯಲ್ಲಿ ಆಕ್ಸಿಜನ್ ಇದೆ ಅಂದಮೇಲೆ ಫೇಲ್ಯೂರ್ ಇದ್ದೇ ಇರುತ್ತೆ ಅಲ್ವಾ ಎಂದು ನಾವಾಗಿ ಸೇರಿಸುವ ಹಾಗಿಲ್ಲ. ಡಾಕ್ಟರೇ ಬರೆಯಬೇಕು.

ಎದೆರೋಗ ವಾರ್ಡಿನ ನರ್ಸ್:
ಓದಿ ಸಂಕಟ ಆಯಿತು. ಬರೀ ಹೆಸರು ಸಾಲದು, ನಂಬರ್ ಬರೆಸಿ. ಈ ಗಲಾಟೆ ಕಳೆದು ಕೆಲವು ವಾರ ಆದಮೇಲೆ, ಹುಷಾರಾಗಿದ್ದಾಗ ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಮಾಡಿಸಿ. ಆಕ್ಸಿಜನ್ ಇಲ್ಲದೆ ತೆಗೆದಾಗ ಪಿಎಒ2 (ಆ ರಕ್ತದಲ್ಲಿನ ಆಕ್ಸಿಜನ್ ಒತ್ತಡ; ಸ್ಯಾಚುರೇಷನ್ ಅಲ್ಲ) 60ಕ್ಕಿಂತ ಕಮ್ಮಿ ಇದ್ದರೆ ಫೇಲ್ಯೂರ್. 55 ಅಥವಾ ಅದಕ್ಕೂ ಕೆಳಗಿದ್ದರೆ ಮನೆ ಆಕ್ಸಿಜನ್ ಬೇಕೇ ಬೇಕು. ಕಾರ್ಬನ್ ಡೈಆಕ್ಸೈಡ್ 45 ದಾಟಿದ್ದೂ ಪಿಎಚ್ (ರಕ್ತದ ಆಮ್ಲತೆಯ ಅಳತೆ) ಸರಿಯಿದ್ದರೆ ಅದು ಹಳೆಯದು, ಮೈ ಒಗ್ಗಿಕೊಂಡಿದೆ. ಪಿಎಚ್ 7.35ರ ಕೆಳಗಿಳಿದರೆ ಹಳೆಯದರ ಮೇಲೆ ಹೊಸ ಹೊಡೆತ. ಅದನ್ನು 'ಅಕ್ಯೂಟ್ ಆನ್ ಕ್ರಾನಿಕ್' ಎಂದೇ ಬರೆಯಬೇಕು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: ಸ್ಯಾಚುರೇಷನ್ ಗುರಿ 88ರಿಂದ 92. ಇಂಥವರಿಗೆ 98 ಜಾಸ್ತಿಯಾಯಿತು; ಆಕ್ಸಿಜನ್ ಹೆಚ್ಚಾದರೆ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರುತ್ತೆ. ರಾತ್ರಿ ಡ್ಯೂಟಿಯವರು ಮೊದಲು ನೋಡಬೇಕಾದ ಸಾಲು ಅದು.

ಹೊಸನಗರದ ಮಗಳು (ಎರಡು ತಿಂಗಳ ನಂತರ):
ಮಾಡಿಸಿದೆ. ಪಿಎಒ2 53, ಕಾರ್ಬನ್ ಡೈಆಕ್ಸೈಡ್ 52, ಪಿಎಚ್ 7.38. ಡಾಕ್ಟರು ಬೇಜಾರು ಮಾಡಿಕೊಳ್ಳದೆ ಪೂರ್ತಿ ಬರೆದುಕೊಟ್ಟರು: ಕ್ರಾನಿಕ್ ರೆಸ್ಪಿರೇಟರಿ ಫೇಲ್ಯೂರ್, ಆಕ್ಸಿಜನ್ ಕಮ್ಮಿ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ, 2 ಲೀಟರ್, ಗುರಿ 88–92. ಒಂದು ಪ್ರತಿ ಕಾನ್ಸಂಟ್ರೇಟರ್ ಮೇಲೆ ಅಂಟಿಸಿದ್ದೇನೆ, ಇನ್ನೊಂದು ಜೀಪಿನಲ್ಲಿದೆ. ಕರೆಂಟ್ ಹೋದಾಗ ಇರಲಿ ಅಂತ ಸಿಲಿಂಡರ್ ಕೂಡ ತಂದಿಟ್ಟಿದ್ದೇವೆ. ಅಮ್ಮ ಈಗ ಜಗುಲಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದಾಳೆ.