'ಆರ್ಡರ್ ಬೈ ?' ಕೊಟ್ಟರೆ ಎರರ್ ಇಲ್ಲ, ಆದರೆ ಕ್ರಮವೂ ಬದಲಾಗುತ್ತಿಲ್ಲ (ಪೈಥಾನ್, ಎಸ್‌ಕ್ಯೂಲೈಟ್)

ಕೇಳಿದವರು:
ಎಲ್ಲರಿಗೂ ನಮಸ್ಕಾರ. ಎಸ್‌ಕ್ಯೂಲೈಟ್ ಡೇಟಾಬೇಸ್‌ನ ಪುಸ್ತಕಗಳ ಟೇಬಲ್‌ಗೆ ಪೈಥಾನ್‌ನಿಂದ ಕ್ವೆರಿ (ಡೇಟಾ ಕೇಳುವ ಆದೇಶ) ಕಟ್ಟುತ್ತಿದ್ದೇನೆ. ಹೆಸರು, ಬೆಲೆ, ವರ್ಷ: ಇವುಗಳಲ್ಲಿ ಬಳಸುವವರು ಯಾವುದನ್ನು ಆರಿಸಿದರೂ ಸಾಲುಗಳು ಆ ಕ್ರಮದಲ್ಲಿ ಬರಬೇಕು. ಕ್ವೆರಿಗೆ ಸ್ಟ್ರಿಂಗ್ (ಪಠ್ಯ) ಅಂಟಿಸಬಾರದು, ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಟ್ಟು ಮೌಲ್ಯವನ್ನು ಬೇರೆಯಾಗಿ ಕಳಿಸಬೇಕು ಅಂತ ಓದಿದ್ದೆ. ಹಾಗೇ, ಸಾಲುಗಳ ಕ್ರಮ ಹೇಳುವ ಜಾಗದಲ್ಲಿ 'ಆರ್ಡರ್ ಬೈ ?' ಬರೆದು "ಬೆಲೆ" ಕಳಿಸಿದೆ. ಕ್ರಮ ಬದಲಾಗಲಿಲ್ಲ. ಕಾಲಮ್ ನಂಬರ್ 2 ಕೊಟ್ಟರೂ ಅಷ್ಟೇ. ಎರಡು ದಿನದಿಂದ ಇದರಲ್ಲೇ ಇದ್ದೇನೆ.

ಉತ್ತರ 1:
ಒಂದು ಪ್ರಯೋಗ ಮಾಡಿ. ಅದೇ ? ಅನ್ನು ಸೆಲೆಕ್ಟ್ ಪಕ್ಕದಲ್ಲಿ ಇಟ್ಟು, "ಬೆಲೆ" ಅಂತಲೇ ಕಳಿಸಿ. ಪ್ರತಿ ಸಾಲಿನಲ್ಲೂ 'ಬೆಲೆ' ಅನ್ನುವ ಪದವೇ ಬರುತ್ತದೆ, 150, 220 ಅಂತ ಬರುವುದಿಲ್ಲ. ? ಇರುವಲ್ಲಿ ಹೋಗುವುದು ಬರೀ ಮೌಲ್ಯ, ಕಾಲಮ್ ಅಲ್ಲ. ಎಲ್ಲ ಸಾಲಿಗೂ ಒಂದೇ ಪದ ಇದ್ದರೆ ಯಾವುದನ್ನು ಮೊದಲು ಇಡಬೇಕು ಹೇಳಿ? 2 ಕೊಟ್ಟಾಗಲೂ ಅದು ಸುಮ್ನೆ ಒಂದು ಸಂಖ್ಯೆ, ಎರಡನೇ ಕಾಲಮ್ ಅಲ್ಲ.

ಕಾಲಮ್ ಹೆಸರನ್ನು ಕ್ವೆರಿಯೊಳಗೆ ನೀವೇ ಬರೆಯಬೇಕು. ಆದರೆ ಬಳಸುವವರು ಕೊಟ್ಟ ಪಠ್ಯವನ್ನು ಹಾಗೇ ಅಂಟಿಸಬೇಡಿ. ಒಂದು ಡಿಕ್ಷನರಿ ಮಾಡಿ: ಅವರ ಆಯ್ಕೆ ಕೀ, ನೀವು ಬರೆದ ಕಾಲಮ್ ಹೆಸರು ವ್ಯಾಲ್ಯೂ. ಕೀ ಸಿಗದಿದ್ದರೆ ಎರರ್ ಬರಲಿ, ಅದೇ ಒಳ್ಳೆಯದು. ಏರಿಕೆ, ಇಳಿಕೆಗೂ ಹೀಗೇ ಎರಡೇ ಆಯ್ಕೆ ಇಡಿ. ಬಾಕಿ ಮೌಲ್ಯಗಳಿಗೆಲ್ಲ ? ಬಳಸುವುದನ್ನು ಬಿಡಬೇಡಿ.

ಕೇಳಿದವರು:
ಸರಿಹೋಯಿತು, ತುಂಬಾ ಥ್ಯಾಂಕ್ಸ್! ಇನ್ನೊಂದಿದೆ. 'ಇನ್' (ಈ ಪಟ್ಟಿಯಲ್ಲಿ ಇರುವವು ಮಾತ್ರ ಅನ್ನುವ ಷರತ್ತು) ಒಳಗೆ ಪುಸ್ತಕಗಳ ಐಡಿಗಳ ಪಟ್ಟಿ ಕೊಡಬೇಕು. ಐಡಿಗೆ ಒಂದರಂತೆ ? ಜೋಡಿಸಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ 1,200 ಐಡಿ ಓಡುತ್ತದೆ. ಸರ್ವರ್‌ನಲ್ಲಿ 'ಟೂ ಮೆನಿ ಎಸ್‌ಕ್ಯೂಎಲ್ ವೇರಿಯಬಲ್ಸ್' ಅನ್ನುತ್ತದೆ, ಅಂದರೆ ? ತುಂಬಾ ಜಾಸ್ತಿ ಆಯಿತಂತೆ.

ಉತ್ತರ 2:
ಎರಡೂ ಕಡೆ ಎಸ್‌ಕ್ಯೂಲೈಟ್ ವರ್ಷನ್ ಪ್ರಿಂಟ್ ಮಾಡಿ ನೋಡಿ. ಪೈಥಾನ್ ವರ್ಷನ್ ಅಲ್ಲ. ಒಂದು ಕ್ವೆರಿಯಲ್ಲಿ ಎಷ್ಟು ? ಇರಬಹುದು ಅನ್ನುವ ಡೀಫಾಲ್ಟ್ ಮಿತಿ ಮೊದಲು 999 ಇತ್ತು. 2020ರ 3.32.0 ಇಂದ 32,766.

ಮಿತಿ ಲೆಕ್ಕ ಹಾಕುತ್ತಾ ಕೂರುವುದಕ್ಕಿಂತ, ಐಡಿಗಳನ್ನು ಟೆಂಪರರಿ ಟೇಬಲ್‌ಗೆ ಹಾಕಿ, ಪುಸ್ತಕಗಳ ಟೇಬಲ್ ಜೊತೆ ಜಾಯಿನ್ ಮಾಡಿ (ಐಡಿ ಹೊಂದುವ ಸಾಲುಗಳನ್ನು ಸೇರಿಸಿ). ನನಗಂತೂ ಪಟ್ಟಿ ದೊಡ್ಡದಾದಾಗ ಅದೇ ಇಷ್ಟ, ಕ್ವೆರಿ ಓದಲೂ ಸುಲಭ. ಪಟ್ಟಿ ಖಾಲಿ ಇದ್ದರೆ ಏನಾಗಬೇಕು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಎಸ್‌ಕ್ಯೂಲೈಟ್ 'ಇನ್' ಮುಂದೆ ಖಾಲಿ ಬ್ರಾಕೆಟ್ ಒಪ್ಪುತ್ತದೆ, ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ.

ಕೇಳಿದವರು:
ಸರ್ವರ್‌ನಲ್ಲಿ 3.31 ಇತ್ತು! ಟೆಂಪರರಿ ಟೇಬಲ್ ಮಾಡಿದೆ, ಈಗ ಎರಡೂ ಕಡೆ ಓಡುತ್ತಿದೆ.