ಪ್ರಶ್ನೋತ್ತರ: ಹತ್ತಾರು ಜನ ಬಳಸುವ ಸರ್ವರ್ ಆಫ್ ಮಾಡುವುದು ಹೇಗೆ?

ಸಿಸ್ಟಂ ಅಡ್ಮಿನ್: ಇವತ್ತು ಸಂಜೆ ಇಲ್ಲಿರುತ್ತೇನೆ, ಕೇಳಿ. ಲಿನಕ್ಸ್ ಸರ್ವರ್ ಬಗ್ಗೆ ಮಾತ್ರ. ಅದರ ಮೇಲೆ ಏನು ಓಡುತ್ತಿದೆ ಅಂತ ಬರೆದರೆ ಉತ್ತರ ಕೊಡುವುದು ಸುಲಭ.

ಹೊಸಬ: ನಮಸ್ಕಾರ ಮೇಡಂ. ಸರ್ವರಿಗೆ ಮೆಮೊರಿ ಹಾಕಿಸಬೇಕು. ಯಾವಾಗಲೂ ಯಾರಾದರೂ ಲಾಗಿನ್ ಆಗಿರುತ್ತಾರೆ. ನೇರವಾಗಿ ಪವರ್‌ಆಫ್ ಕೊಟ್ಟರೆ ಸಾಕಲ್ವಾ?

ಸಿಸ್ಟಂ ಅಡ್ಮಿನ್: ಸಾಲದು. ಮೊದಲು ‘ಡಬ್ಲ್ಯೂ’ ಕಮಾಂಡ್ ಕೊಟ್ಟು ಯಾರಿದ್ದಾರೆ ನೋಡಿ. ಟಿಮಕ್ಸ್‌ನಲ್ಲಿ (ಲಾಗ್‌ಔಟ್ ಆದರೂ ಕೆಲಸ ಓಡುತ್ತಲೇ ಇರಲು ಬಿಡುವ ಪ್ರೋಗ್ರಾಂ) ಕೆಲಸ ಓಡಲು ಬಿಟ್ಟು ಎದ್ದು ಹೋದವರು, ನಿಗದಿತ ಸಮಯಕ್ಕೆ ತಾನೇ ಓಡುವ ಕ್ರಾನ್ ಕೆಲಸಗಳು ಅದರಲ್ಲಿ ಕಾಣದೇ ಇರಬಹುದು. ಅದಕ್ಕೆ ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ ಕೊಡುವ ಪಿಎಸ್ ಕೂಡ ನೋಡಿ. ಆಮೇಲೆ ‘ಶಟ್‌ಡೌನ್ -ಎಚ್ +15’ ಕೊಡಿ, ಪಕ್ಕದಲ್ಲೇ ಕಾರಣ ಬರೆಯಿರಿ. ಆ ಸಾಲು ಎಲ್ಲರ ಟರ್ಮಿನಲ್ಲಿನಲ್ಲೂ ಬರುತ್ತದೆ. ಕೊನೆಯ 5 ನಿಮಿಷ ಹೊಸ ಲಾಗಿನ್ ತಾನೇ ನಿಲ್ಲುತ್ತದೆ. ಯಾರಾದರೂ ಇನ್ನರ್ಧ ಗಂಟೆ ಕೊಡಿ ಅಂದರೆ ‘ಶಟ್‌ಡೌನ್ -ಸಿ’ ಕೊಟ್ಟು ರದ್ದು ಮಾಡಬಹುದು.

ಕೇಬಲ್‌ರಾಜ: ಇಷ್ಟೆಲ್ಲ ಬೇಕಾ? ಇನ್ನೊಂದು ಗ್ರೂಪಿನಲ್ಲಿ ಬಂದದ್ದು ಹಾಕಿದ್ದೇನೆ: “ಸಿಂಕ್ ಮೂರು ಸಲ ಹೊಡೆಯಿರಿ, ಪವರ್ ಬಟನ್ ಒತ್ತಿ ಹಿಡಿಯಿರಿ. ಜರ್ನಲ್ ಇರುವ ಫೈಲ್‌ಸಿಸ್ಟಂಗೆ ಏನೂ ಆಗುವುದಿಲ್ಲ. ಎಲ್ಲರಿಗೂ ಕಳಿಸಿ.”

ಸಿಸ್ಟಂ ಅಡ್ಮಿನ್: ಯಾರಿಗೂ ಕಳಿಸಬೇಡಿ. ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಾಖಲೆ) ಮುಖ್ಯವಾಗಿ ಕಾಯುವುದು ಫೈಲ್‌ಸಿಸ್ಟಂನ ಲೆಕ್ಕಪತ್ರವನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಎಂಬುದನ್ನು. ಅರ್ಧ ಬರೆದ ಫೈಲನ್ನು ಅದು ಪೂರ್ತಿ ಮಾಡಿಕೊಡುವುದಿಲ್ಲ. ಸಿಂಕ್ ಅಂದರೆ ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆಸುವ ಕಮಾಂಡ್; ಅದು ಮುಗಿದ ಮರುಕ್ಷಣ ಇನ್ನೊಬ್ಬ ಬಳಕೆದಾರ ಬರೆಯುತ್ತಿರುತ್ತಾನೆ. ಮೂರು ಸಲ ಎನ್ನುವುದು ಹಳೆಯ ಯೂನಿಕ್ಸ್ ಕಾಲದ ರೂಢಿ. ಆಗ ಬರೆಯುವುದು ಮುಗಿಯುವ ಮೊದಲೇ ಪ್ರಾಂಪ್ಟ್ ವಾಪಸ್ ಬರುತ್ತಿತ್ತು. ಮತ್ತೆರಡು ಸಲ ಟೈಪ್ ಮಾಡುವಷ್ಟರಲ್ಲಿ ಡಿಸ್ಕ್ ಮುಗಿಸಿಕೊಳ್ಳಲಿ ಅಂತ ಹಾಗೆ ಮಾಡುತ್ತಿದ್ದರು. ಲಿನಕ್ಸ್‌ನಲ್ಲಿ ಸಿಂಕ್ ಮುಗಿಯುವವರೆಗೆ ಕಾಯುತ್ತದೆ, ಒಂದು ಸಲ ಸಾಕು.

ಮೌನಿ: ವಿಂಡೋಸ್ ಸರ್ವರಿನಲ್ಲಿ ‘ಡಿಸ್‌ಕನೆಕ್ಟೆಡ್’ ಅಂತ ತೋರಿಸುವ ಬಳಕೆದಾರರು ಲಾಗ್‌ಆಫ್ ಆದ ಹಾಗೇನಾ?

ರಾತ್ರಿಪಾಳಿ: ಮೇಡಂ, ತುರ್ತು. ಇವತ್ತು ರಾತ್ರಿ ವೈರಿಂಗ್ ಕೆಲಸಕ್ಕೆ ಎಲ್ಲ ಆಫ್ ಮಾಡಬೇಕು. ನಮ್ಮವರೊಬ್ಬರು ಮೊದಲು ಎನ್‌ಎಫ್‌ಎಸ್ ಸ್ಟೋರೇಜ್ ಬಾಕ್ಸನ್ನೇ (ನೆಟ್‌ವರ್ಕ್ ಮೂಲಕ ಸರ್ವರಿಗೆ ಫೈಲ್ ಕೊಡುವುದು) ಆಫ್ ಮಾಡಿಬಿಟ್ಟಿದ್ದಾರೆ. ಈಗ ಡಿಸ್ಕ್ ಜಾಗ ನೋಡಲು ಡಿಎಫ್ ಕೊಟ್ಟರೆ ಹಾಗೇ ನಿಂತುಬಿಡುತ್ತದೆ. ಲೋಡ್ (ಕೆಲಸದ ಒತ್ತಡದ ಅಂಕಿ) 60 ದಾಟಿದೆ, ಸಿಪಿಯು ನೋಡಿದರೆ ಖಾಲಿ. ಕೆಲವು ಪ್ರೋಸೆಸ್ ಬಲವಂತವಾಗಿ ಮುಗಿಸುವ ಕಿಲ್ -9 ಕೊಟ್ಟರೂ ಸಾಯುತ್ತಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಲೋಕಲ್ ಡಿಸ್ಕಿನಲ್ಲಿದೆ, ಎಲ್ಲರ ಹೋಂ ಡೈರೆಕ್ಟರಿ ಎನ್‌ಎಫ್‌ಎಸ್‌ನಲ್ಲಿ. ಬಟನ್ ಒತ್ತಿಬಿಡಲಾ?

ಸಿಸ್ಟಂ ಅಡ್ಮಿನ್: ಬಟನ್ ಮುಟ್ಟಬೇಡಿ. ಶಟ್‌ಡೌನ್ ಕೂಡ ಈಗಲೇ ಬೇಡ. ಇನ್ನು ಯಾವುದಕ್ಕೂ ಕಿಲ್ -9 ಕೊಡಬೇಡಿ. ಸತ್ತ ಪ್ರೋಸೆಸ್ ತನ್ನ ಕೈಯಲ್ಲಿದ್ದದ್ದನ್ನು ಬರೆಯದೆಯೇ ಹೋಗುತ್ತದೆ.

ಪಿಎಸ್‌ನ ಸ್ಟ್ಯಾಟ್ ಕಾಲಂ ನೋಡಿ. ಸಾಯದವುಗಳ ಎದುರು ‘ಡಿ’ ಇರುತ್ತದೆ. ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಸ್ಟೋರೇಜಿನ ಉತ್ತರಕ್ಕೆ ಕಾಯುತ್ತಾ ಕೂತಿವೆ ಅಂತ. ಲಿನಕ್ಸ್ ಇವನ್ನೂ ಲೋಡ್ ಲೆಕ್ಕಕ್ಕೆ ಸೇರಿಸುತ್ತದೆ, ಅದಕ್ಕೇ ಸಿಪಿಯು ಖಾಲಿ ಇದ್ದರೂ 60.

ಈ ಸ್ಥಿತಿಯಲ್ಲಿ ಶಟ್‌ಡೌನ್ ಕೊಟ್ಟರೆ, ಪ್ರತಿ ಸರ್ವಿಸ್‌ಗೂ ಮೊದಲು ಸಿಗ್‌ಟರ್ಮ್ (‘ಮುಗಿಸಿಕೊಳ್ಳಿ’ ಎಂಬ ಸೂಚನೆ) ಹೋಗುತ್ತದೆ. ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಸಿಗ್‌ಕಿಲ್, ಅಂದರೆ ಅದೇ ಕಿಲ್ -9. ನಂತರ ಎನ್‌ಎಫ್‌ಎಸ್ ಅನ್‌ಮೌಂಟ್ ಮಾಡಲು (ಸರ್ವರಿನಿಂದ ಬಿಡಿಸಲು) ಹೋಗಿ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಅಷ್ಟು ಹೊತ್ತಿಗೆ ನಿಮಗೆ ಒಳಗೆ ಬರಲು ದಾರಿ ಇರುವುದಿಲ್ಲ. ಕೊನೆಗೆ ಬಟನ್ನೇ ಗತಿ.

ಹಾಗಾಗಿ ಸ್ಟೋರೇಜ್ ಬಾಕ್ಸನ್ನು ಮತ್ತೆ ಆನ್ ಮಾಡಿ. ಎನ್‌ಎಫ್‌ಎಸ್ ಹಾರ್ಡ್ ಮೌಂಟ್ ಆಗಿದ್ದರೆ (ಬದಲಾಯಿಸಿರದಿದ್ದರೆ ಅದೇ ಇರುತ್ತದೆ) ಎಷ್ಟು ಹೊತ್ತಾದರೂ ಕಾಯುತ್ತದೆ, ಬಾಕ್ಸ್ ಬಂದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ನೋಡುತ್ತಿರಿ. ‘ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’ ಎಂಬ ಸಾಲುಗಳ ಕೆಳಗೆ ಸರ್ವರ್ ‘ಓಕೆ’ ಅಂತ ಬಂದರೆ ಬಚಾವ್.

ಆಮೇಲೆ ಬಳಕೆದಾರರನ್ನು ಹೊರಗೆ ಕಳಿಸಿ. ಪೋಸ್ಟ್‌ಗ್ರೆಸ್ಸನ್ನು ಫಾಸ್ಟ್ ಮೋಡ್‌ನಲ್ಲಿ ನಿಲ್ಲಿಸಿ: ಕನೆಕ್ಷನ್ ಕಡಿದು, ಅರ್ಧಕ್ಕೆ ನಿಂತ ವ್ಯವಹಾರ (ಟ್ರಾನ್ಸಾಕ್ಷನ್) ಹಿಂದಕ್ಕೆ ತೆಗೆದು, ಚೆಕ್‌ಪಾಯಿಂಟ್ ಬರೆದು (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಇಳಿಸಿ) ನಿಲ್ಲುತ್ತದೆ. ಸ್ಮಾರ್ಟ್ ಮೋಡ್ ಬೇಡ, ಒಂದೇ ಒಂದು ಕನೆಕ್ಷನ್ ತೆರೆದಿದ್ದರೂ ಕಾಯುತ್ತಲೇ ಇರುತ್ತದೆ. ಅದು ನಿಂತ ಮೇಲೆ ಎನ್‌ಎಫ್‌ಎಸ್ ಅನ್‌ಮೌಂಟ್, ಆಮೇಲೆ ಸರ್ವರ್, ಎಲ್ಲಕ್ಕಿಂತ ಕೊನೆಗೆ ಸ್ಟೋರೇಜ್.

ಬಾಕ್ಸ್ ಏಳಲೇ ಇಲ್ಲ ಅಂದರೆ ಪೋಸ್ಟ್‌ಗ್ರೆಸ್ ನಿಲ್ಲಿಸಿಟ್ಟು ಇಲ್ಲಿ ಬರೆಯಿರಿ. ಸಿಸ್‌ಆರ್‌ಕ್ಯೂ (ಕರ್ನಲ್‌ಗೆ ನೇರವಾಗಿ ಆದೇಶ ಕೊಡುವ ಕೀಲಿ) ಮೂಲಕ ಸಿಂಕ್ ಮಾಡಿ, ಡಿಸ್ಕನ್ನು ಓದಲು ಮಾತ್ರ ಬಿಟ್ಟು, ಪವರ್ ತೆಗೆಯಬಹುದು. ಅದು ಕೊನೆಯ ದಾರಿ, ಎನ್‌ಎಫ್‌ಎಸ್‌ಗೆ ಹೋಗದೆ ಉಳಿದದ್ದು ಅದರಲ್ಲೂ ಸಿಗುವುದಿಲ್ಲ.

ಕೇಬಲ್‌ರಾಜ: ಅಷ್ಟು ಓದುವಷ್ಟರಲ್ಲಿ ಬೆಳಗಾಗುತ್ತದೆ. ‘ಕಿಲ್ -9 -1’ ಕೊಡಿ, ಎಲ್ಲ ಒಟ್ಟಿಗೆ ಹೋಗುತ್ತದೆ.

ಸಿಸ್ಟಂ ಅಡ್ಮಿನ್: ರಾತ್ರಿಪಾಳಿ, ಖಂಡಿತ ಕೊಡಬೇಡಿ. ರೂಟ್ (ಪೂರ್ಣ ಅಧಿಕಾರದ ಖಾತೆ) ಆಗಿ ಕೊಟ್ಟರೆ ಪೋಸ್ಟ್‌ಗ್ರೆಸ್ ಸೇರಿ ಎಲ್ಲಕ್ಕೂ ಏಟು ಬೀಳುತ್ತದೆ, ನಿಮ್ಮ ಲಾಗಿನ್ ಕೂಡ ಕಡಿದುಹೋಗಬಹುದು. ಆದರೂ ‘ಡಿ’ಯಲ್ಲಿ ಸಿಕ್ಕಿಕೊಂಡವು ಹಾಗೇ ಉಳಿಯಬಹುದು.

ಕೇಬಲ್‌ರಾಜ: ಸಾಫ್ಟ್ ಮೌಂಟ್ ಹಾಕಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ಡೇಟಾಕ್ಕ: ಗೋಳು ಇರುತ್ತಿರಲಿಲ್ಲ, ಡೇಟಾನೂ ಇರುತ್ತಿರಲಿಲ್ಲ. ಸಾಫ್ಟ್ ಅಂದರೆ ಸ್ವಲ್ಪ ಹೊತ್ತು ನೋಡಿ ಪ್ರೋಗ್ರಾಂಗೆ ಎರರ್ ಕೊಟ್ಟುಬಿಡುತ್ತದೆ. ಆ ಎರರ್ ನೋಡದೆ ಮುಂದೆ ಹೋಗುವ ಪ್ರೋಗ್ರಾಂ ಎಷ್ಟು ಬೇಕು?

ಕೇಬಲ್‌ರಾಜ: ಅದು ಪ್ರೋಗ್ರಾಂ ಬರೆದವನ ತಪ್ಪು, ಮೌಂಟಿನದ್ದಲ್ಲ.

ಡೇಟಾಕ್ಕ: ಫೈಲ್ ಕಳೆದುಕೊಂಡವನಿಗೆ ಹೋಗಿ ಹಾಗೇ ಹೇಳಿ, ಖುಷಿಪಡುತ್ತಾನೆ.

ಕೇಬಲ್‌ರಾಜ: ನೀವು ಎಷ್ಟು ಸರ್ವರ್ ನೋಡಿದ್ದೀರಿ ಅಂತ ಗೊತ್ತಿಲ್ಲ, ಆದರೆ ಮಾತು ಮಾತ್ರ ಜಾಸ್ತಿ.

ಸಿಸ್ಟಂ ಅಡ್ಮಿನ್: ಡೇಟಾಕ್ಕ ಹೇಳಿದ್ದು ಸರಿ. ಇಬ್ಬರೂ ಇಲ್ಲಿಗೆ ನಿಲ್ಲಿಸಿ, ಅಲ್ಲೊಬ್ಬರು ಸರ್ವರ್ ಮುಂದೆ ಕೂತಿದ್ದಾರೆ.

ಹಳೇಲ್ಯಾಪ್‌ಟಾಪ್: ಮೇಡಂ, ಸುಮ್ನೆ ಪವರ್‌ಆಫ್ ಕೊಟ್ಟರೆ ಆಗಲ್ವಾ?

ಸಿಸ್ಟಂ ಅಡ್ಮಿನ್: ಮೊದಲ ಉತ್ತರ ಓದಿ.

ಹಳೇಲ್ಯಾಪ್‌ಟಾಪ್: ಓದಿದೆ. ಯುಪಿಎಸ್ ಇದ್ದರೆ ಇದೆಲ್ಲ ತಾನೇ ಆಗುತ್ತಾ?

ರಾತ್ರಿಪಾಳಿ: ಮೇಡಂ, ಬಾಕ್ಸ್ ಎದ್ದಿತು. ‘ಓಕೆ’ ಬಂತು, ‘ಡಿ’ ಎಲ್ಲ ಹೋಯಿತು, ಲೋಡ್ ಇಳಿಯುತ್ತಿದೆ. ಪೋಸ್ಟ್‌ಗ್ರೆಸ್ ನಿಂತಿದೆ. ಹೋಂ ಅನ್‌ಮೌಂಟ್ ಮಾಡಲು ಹೋದರೆ ‘ಬ್ಯುಸಿ’ ಅನ್ನುತ್ತಿದೆ.

ಸಿಸ್ಟಂ ಅಡ್ಮಿನ್: ‘ಫ್ಯೂಸರ್ -ವಿಎಂ’ ಕೊಟ್ಟು ಯಾರು ಹಿಡಿದಿದ್ದಾರೆ ನೋಡಿ. ನಿಮ್ಮದೇ ಶೆಲ್ (ಕಮಾಂಡ್ ಟೈಪ್ ಮಾಡುವ ಪ್ರೋಗ್ರಾಂ) ಹೋಂ ಒಳಗೆ ನಿಂತಿರಬಹುದು. ‘ಸಿಡಿ /’ ಕೊಟ್ಟು ಮತ್ತೆ ಪ್ರಯತ್ನಿಸಿ.

ರಾತ್ರಿಪಾಳಿ: ನಂದೇ ಶೆಲ್ಲು! ಈಗ ಆಯಿತು. ಶಟ್‌ಡೌನ್ ಕೊಟ್ಟೆ. ಪರದೆಯಲ್ಲಿ ‘ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್’ ಅಂತ ಬಂದು ಸೆಕೆಂಡ್ ಎಣಿಸುತ್ತಿದೆ.

ಸಿಸ್ಟಂ ಅಡ್ಮಿನ್: ಎಣಿಸಲಿ ಬಿಡಿ. ಪಕ್ಕದಲ್ಲಿ 1 ನಿಮಿಷ 30 ಸೆಕೆಂಡ್ ಅಂತ ಮಿತಿ ಕಾಣುತ್ತಲ್ಲ, ಅದು ಮುಗಿದ ಮೇಲೆ ತಾನೇ ಮುಂದೆ ಹೋಗುತ್ತದೆ.

ಕೇಬಲ್‌ರಾಜ: ಒಂದು ಕೊನೆಯ ಟಿಪ್: ಪೋಸ್ಟ್‌ಗ್ರೆಸ್ ಮತ್ತೆ ಏಳದಿದ್ದರೆ ಪೋಸ್ಟ್‌ಮಾಸ್ಟರ್ ಪಿಐಡಿ ಫೈಲ್ ಅಳಿಸಿಬಿಡಿ, ಫಾರ್ವರ್ಡ್ ಬಂದಿದೆ.

ಸಿಸ್ಟಂ ಅಡ್ಮಿನ್: ಹಳೆಯ ಪ್ರೋಸೆಸ್ ಇನ್ನೂ ಬದುಕಿದ್ದಾಗ, ಪೋಸ್ಟ್‌ಗ್ರೆಸ್ ಓಡುತ್ತಿದೆ ಎಂದು ಗುರುತಿಡುವ ಆ ಫೈಲನ್ನು ಅಳಿಸಿದರೆ ಒಂದೇ ಡೇಟಾ ಮೇಲೆ ಎರಡು ಸರ್ವರ್ ಎದ್ದು ಪೂರ್ತಿ ಕೆಡಬಹುದು. ನಿಮ್ಮ ಮುಂದಿನ ಫಾರ್ವರ್ಡ್ ನಾನೇ ಅಳಿಸುತ್ತೇನೆ.

ರಾತ್ರಿಪಾಳಿ: ಸರ್ವರ್ ಆಫ್ ಆಯಿತು ಮೇಡಂ. ಈಗ ಸ್ಟೋರೇಜ್?

ಸಿಸ್ಟಂ ಅಡ್ಮಿನ್: ಈಗ ಮಾಡಿ. ಬಟನ್‌ನಿಂದಲ್ಲ, ಅದರದೇ ಮೆನುವಿನಿಂದ. ವಾಪಸ್ ಆನ್ ಮಾಡುವಾಗ ಸ್ಟೋರೇಜ್ ಮೊದಲು, ಅದು ಪೂರ್ತಿ ಎದ್ದ ಮೇಲೆ ಸರ್ವರ್.